ನೋಡೋಣ ಎಂದವರ ತೊಟ್ಟಿ

ನಮ್ಮ ಅತ್ತೆಯನ್ನು ಯಾರಾದರೂ ಹೊಗಳಿದರೆ ನನಗೆ ಮೊದಲು ಬರುವುದು ಸಿಟ್ಟು. "ತೊಟ್ಟಿಯಕ್ಕ ದೇವರಂಥವಳು" ಎನ್ನುತ್ತಾರೆ. ಹಾಗೆಂದು ಹೇಳಿ, ದನಗಳಿಗೆ ಹೊಟ್ಟೆ ತುಂಬ ನೀರು ಕುಡಿಸಿಕೊಂಡು ಬೆನ್ನು ತೋರಿಸಿ ಹೊರಟುಬಿಡುತ್ತಾರೆ. ಒಬ್ಬರನ್ನು ದೇವರು ಮಾಡಿ ಕೂರಿಸಿದರೆ ತಾವು ಮೈ ಒದ್ದೆ ಮಾಡಿಕೊಳ್ಳುವುದು ತಪ್ಪುತ್ತದಲ್ಲ! ನಾನು ಆ ದೇವರ ಸೊಸೆ. ಒಂದೇ ಅಡುಗೆಮನೆಯಲ್ಲಿ ಜೊತೆಗೆ ಬಾಳುವೆ ಮಾಡಿದವಳು. ನನಗೆ ಗೊತ್ತು.

ನಮ್ಮ ಮನೆ ಬೀದಿಯ ಕೊನೆಯದು. ಮುಂದಿನ ಕೋಣೆಯಲ್ಲಿ ನನ್ನ ಪೈಪಿನ ಅಂಗಡಿ: ನಲ್ಲಿ, ವಾಲ್ವು, ರಬ್ಬರ್ ವಾಷರು, ಗೋಡೆಗೆ ಒರಗಿಸಿದ ಉದ್ದುದ್ದ ಕೊಳವೆಗಳು. ಹಿಂದೆ ಒಂದು ಮಲಗುವ ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಕಿಟಕಿ ತೆಗೆದರೆ ಬೀದಿ ಮುಗಿದು ಬಯಲು ಶುರು. ಮಳೆಯನ್ನು ನಂಬುವ ಹಾಗಿಲ್ಲದ ಬಯಲು ಅದು. ಹುಲ್ಲು ಮೊಣಕಾಲುದ್ದ ಬಂದ ವರ್ಷವನ್ನು ಜನ ಆಮೇಲೆ ಎಷ್ಟೋ ವರ್ಷ ನೆನೆಸಿಕೊಳ್ಳುತ್ತಾರೆ. ಹಿತ್ತಲ ಬಾಗಿಲಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಕೊಳವೆಬಾವಿ, ಬಿಸಿಲಿನಿಂದ ಓಡುವ ಪಂಪು, ಕಂಬಗಳ ಮೇಲೆ ಟ್ಯಾಂಕು, ಕೆಳಗೆ ಉದ್ದಕ್ಕೆ ಸಿಮೆಂಟಿನ ತೊಟ್ಟಿ. ತೊಟ್ಟಿ ತುಂಬಿದಾಗ ಒಂದು ತೇಲುಗುಂಡು ಮೇಲೆದ್ದು ಪೈಪಿನ ಬಾಯಿ ಮುಚ್ಚುತ್ತದೆ. ದನ ಕುಡಿದು ನೀರು ಇಳಿದರೆ ಗುಂಡೂ ಇಳಿದು ಬಾಯಿ ತೆರೆಯುತ್ತದೆ. ಸುತ್ತಲಿನ ಕುರಿ, ಮೇಕೆ, ದನ, ಕತ್ತೆ ಎಲ್ಲದರ ಜೀವ ಆ ಗುಂಡಿನಲ್ಲಿದೆ. ಬೇಸಿಗೆಯಲ್ಲಿ ಇದನ್ನು ಬಿಟ್ಟರೆ ಮುಂದಿನ ನೀರು ಇಡೀ ದಿನದ ನಡಿಗೆ. ಎಳೆಗರುಗಳು ಆ ದಾರಿ ಮುಗಿಸುವುದಿಲ್ಲ.

ಆ ಗುಂಡಿಗೆ ಪಾಚಿ ಕಟ್ಟದಂತೆ ನೋಡಿಕೊಳ್ಳುವುದು ಅತ್ತೆಯ ಕೆಲಸ. ಯಾರೂ ನೇಮಿಸಿದ ಕೆಲಸವಲ್ಲ. ಮೊದಲು ನಮ್ಮ ಮಾವ ನೋಡಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಯಾರಾದರೂ ಮುಂದೆ ಬರಲಿ ಎಂದು ಎಲ್ಲರೂ ಕಾದರು. ಅತ್ತೆ ಮಾತ್ರ ಕಾಯಲಿಲ್ಲ. ಮಾವನ ರಬ್ಬರ್ ಬೂಟಿನೊಳಗೆ ಹಳೇ ಬಟ್ಟೆ ತುರುಕಿ ತಮ್ಮ ಕಾಲಿಗೆ ಸರಿಮಾಡಿಕೊಂಡು, ಉದ್ದ ಹಿಡಿಯ ಬ್ರಷ್ಷು ಹೆಗಲಿಗೇರಿಸಿ ಹೊರಟೇಬಿಟ್ಟರು. ಅಂದಿನಿಂದ ಬೆಳಕು ಹರಿಯುವ ಮುಂಚೆ ತೊಟ್ಟಿಗಿಳಿದು ತಿಕ್ಕುವುದು, ಗುಂಡನ್ನು ಅಲ್ಲಾಡಿಸಿ ನೋಡುವುದು, ಆಮೇಲೆ ದಂಡೆಯ ಮೇಲೆ ನಿಂತು "ಮೊದ್ಲು ಕುರಿ! ಏ, ದನ ಹಿಂದಕ್ಕೆ ಹೊಡಿ! ಕಣ್ಣು ಕಾಣಲ್ವಾ ನಿಂಗೆ?" ಎಂದು ಗಂಟಲು ಹರಿಯುವ ಹಾಗೆ ಸರದಿ ಕೂಗುವುದು. ಮನೆಯಲ್ಲಿ ಆಡಿದ ಮಾತು ಪಕ್ಕದ ಕೋಣೆಗೆ ಕೇಳಿಸದಂಥ ಹೆಂಗಸು, ಅಲ್ಲಿ ನಿಂತರೆ ಗೂಳಿಗಳೂ ಕಿವಿ ಇಳಿಬಿಡುತ್ತಿದ್ದವು.

ಇನ್ನು ನಮ್ಮ ಜನರ "ನೋಡೋಣ"ದ ವಿಷಯ ಹೇಳಬೇಕು. ನಮ್ಮಲ್ಲಿ ಮುಖಕ್ಕೆ ಹೊಡೆದ ಹಾಗೆ "ಇಲ್ಲ" ಎನ್ನುವವರು ಕಡಿಮೆ. ಮದುವೆಗೆ ಕರೆದರೆ ನೋಡೋಣ, ಏಣಿ ಕೇಳಿದರೆ ನೋಡೋಣ, ಹೆಣ್ಣು ಕೇಳಿದರೂ ನೋಡೋಣ. ಕೇಳಿದವರು ಅರ್ಥಮಾಡಿಕೊಂಡು ಮೇಲೇಳಬೇಕು. ಮದುವೆಯಾದ ಹೊಸತರಲ್ಲಿ ನಾನು "ಅತ್ತೆ, ಮುಂದಿನ ಕೋಣೇಲಿ ಪೈಪಿನ ಅಂಗಡಿ ಇಡ್ಲಾ?" ಎಂದು ಕೇಳಿದ್ದೆ. "ನೋಡೋಣ" ಅಂದರು. ಬೇಡ ಎಂದರ್ಥ. ನಾನು ಅರ್ಥವಾಗದವಳ ಹಾಗೆ ನಟಿಸಿ ಅಂಗಡಿ ಇಟ್ಟೆ. ಒಂದು ಇಡೀ ಬೇಸಿಗೆ ನನ್ನೊಂದಿಗೆ ಮಾತು ಬಿಟ್ಟಿದ್ದರು. ಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದರು, ಗೋಡೆಯ ಪರವಾಗಿ ನಾನು ತಂದುಕೊಡುತ್ತಿದ್ದೆ.

ತೊಟ್ಟಿಯ ವಿಷಯದಲ್ಲೂ ಅದೇ ಕಥೆ. "ನಾಳೆ ತಿಕ್ಕೋಕೆ ಬರ್ತೀಯೇನೋ?" ಎಂದು ಅತ್ತೆ ಯಾರನ್ನಾದರೂ ಕೇಳಿದರೆ "ನೋಡೋಣ ಅಕ್ಕ" ಎನ್ನುತ್ತಿದ್ದರು. ಬರುವುದಿಲ್ಲ ಎಂದು ತಿಳಿದುಕೊಂಡು ಅತ್ತೆ ತಾವೇ ಹೋಗುತ್ತಿದ್ದರು. ಕಳೆದ ವರ್ಷ ಪಾಚಿಯ ಮೇಲೆ ಕಾಲು ಜಾರಿ ಬಿದ್ದು, ಪಕ್ಕೆಲುಬು ಮುರಿದುಕೊಂಡು ಮಲಗಿದರು. ನಮ್ಮವರು ಲಾರಿ ಓಡಿಸುವವರು, ಮನೆಯ ಮುಖ ನೋಡುವುದೇ ಅಪರೂಪ. ನಾನು ಮನೆಮನೆಗೆ ಹೋಗಿ ಕೇಳಿದೆ. ಎಲ್ಲರ ಬಾಯಲ್ಲೂ ನೋಡೋಣ. ಕೊನೆಗೆ ಅಂಗಡಿ ಮುಚ್ಚಿ, ಬೈದುಕೊಳ್ಳುತ್ತ ನಾನೇ ತಿಕ್ಕಿದೆ. "ಇವ್ಳು ಬ್ರಷ್ಷಲ್ಲಿ ತಿಕ್ತಾಳೋ ಬಾಯಲ್ಲಿ ತಿಕ್ತಾಳೋ" ಎಂದು ಕುರಿ ಮಾವ ನಕ್ಕಿದ್ದ. ಕುರಿ ಮಾವನೆಂದರೆ ಅತ್ತೆಯ ಸ್ವಂತ ತಮ್ಮ. ಸ್ವಂತ ತಮ್ಮನೇ ಹಾಗೆ ಅಂದಮೇಲೆ ಬೇರೆಯವರನ್ನು ಏನು ಹೇಳುವುದು?

ಈ ಬೇಸಿಗೆಯ ಆರಂಭಕ್ಕೆ ನೀರಿನ ಕಚೇರಿಯ ಜೀಪು ಬಂತು. ಅಧಿಕಾರಿ ಸುತ್ತಿಬಳಸಲಿಲ್ಲ. ಆಚೆ ಬಯಲಿನ ಪಂಪನ್ನು ಒಬ್ಬನೇ ಮುದುಕ ನೋಡಿಕೊಳ್ಳುತ್ತಿದ್ದನಂತೆ. ಅವನು ಹಾಸಿಗೆ ಹಿಡಿದು ಸತ್ತ. ಉಳಿದವರು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಪಂಪು ಸುಟ್ಟು, ತೊಟ್ಟಿಯ ಸುತ್ತ ದನಗಳು ಸತ್ತು ಬಿದ್ದಿದ್ದವಂತೆ.

"ಒಬ್ಬರ ಮೇಲೇ ನಿಂತಿರೋ ಪಂಪು ಇನ್ಮೇಲೆ ಬೇಡ," ಎಂದರು ಅವರು. "ನಾಲ್ಕು ಮನೆಯವ್ರು ಸೇರಿ ನಡೆಸೋ ಕಡೆ ಮಾತ್ರ ಬಿಡ್ತೀವಿ. ಇಲ್ಲಾಂದ್ರೆ ನಡುಬೇಸಿಗೇಲಿ ಲಾರಿ ಬರುತ್ತೆ, ಕಿತ್ಕೊಂಡು ಹೋಗ್ತೀವಿ. ಈ ತಾಯಿಗೆ ನಾಳೆ ಏನಾದ್ರೂ ಆದ್ರೆ ಯಾರಪ್ಪಾ ಗತಿ?"

ಪಂಪು ಹೋದರೆ ದನಕರುಗಳು ಹೋಗುತ್ತವೆ, ಅವುಗಳ ಹಿಂದೆ ಜನ ಹೋಗುತ್ತಾರೆ, ಖಾಲಿ ಬೀದಿಯಲ್ಲಿ ನಾನು ಯಾರಿಗೆ ಪೈಪು ಮಾರಲಿ? ಆದರೂ ಆ ಮನುಷ್ಯ ಹೇಳಿದ್ದರಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ಅವರು ಕಳಿಸಿಕೊಟ್ಟವರೇ ಕಲ್ಲಾಟದ ಮೇಷ್ಟ್ರು. ಕಡ್ಡಿಯಂಥ ಮನುಷ್ಯ, ಒಂದು ಕೈಯಲ್ಲಿ ಕಂಪ್ಯೂಟರಿನ ಚೀಲ, ಇನ್ನೊಂದರಲ್ಲಿ ಬೆಣಚುಕಲ್ಲಿನ ಚೀಲ. ಹೆಸರೇನೋ ಹೇಳಿದರು, ಯಾರಿಗೂ ಅದು ಬೇಕಾಗಲಿಲ್ಲ. ನನ್ನ ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಯಲು, ಬೀದಿ, ತೊಟ್ಟಿ ಎಲ್ಲ ಬರೆದರು. ಕಲ್ಲು ಅಂದರೆ ದನ, ಸೋಡಾ ಬಾಟಲಿಯ ಮುಚ್ಚಳ ಅಂದರೆ ನೀರು, ಬೆಂಕಿಕಡ್ಡಿ ಅಂದರೆ ಒಬ್ಬ ಮನುಷ್ಯನ ಒಂದು ದಿನದ ದುಡಿಮೆ. ದನಗಾಹಿಗಳು ಸುತ್ತ ಕೂತು ಆಡಬೇಕು. ಆಡಿದ್ದನ್ನು ಮೇಷ್ಟ್ರು ಕಂಪ್ಯೂಟರಿಗೆ ತುಂಬುತ್ತಾರೆ; ಜನ ಹೀಗೆ ಹೀಗೆ ನಡೆದುಕೊಂಡರೆ ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಅದು ಗೆರೆ ಎಳೆದು ತೋರಿಸುತ್ತದೆ. "ಮುದುಕ್ರಾದ್ಮೇಲೆ ಗೋಲಿ ಆಟವಾ!" ಎಂದು ನಗುತ್ತ ಕೂತವರು ಆಮೇಲೆ ಮಕ್ಕಳಿಗಿಂತ ಕಡೆಯಾಗಿ ಜಗಳ ಆಡಿದರು. ಎಲ್ಲರಿಗಿಂತ ಹೆಚ್ಚು ಕಲ್ಲು, ನಾವು ಗಡಿಬಿಡಿ ಎಂದು ಕರೆಯುವವನ ಮುಂದೆ. ಅವನದೇ ದೊಡ್ಡ ಹಿಂಡು. ಜೀವಮಾನದಲ್ಲಿ ಒಮ್ಮೆಯೂ ಅಂಗಿಯ ಗುಂಡಿ ಸರಿಯಾಗಿ ಹಾಕದ ಮನುಷ್ಯ, ಅದಕ್ಕೇ ಆ ಹೆಸರು.

"ತೊಟ್ಟೀಲಿ ಪಾಚಿ ಕಟ್ಟಿದೆ," ಎಂದು ಮೇಷ್ಟ್ರು ಒಂದು ಹಸಿರು ಚಿಂದಿ ಇಟ್ಟರು. "ತಿಕ್ಕೋಕೆ ಯಾರು ಕಡ್ಡಿ ಇಡ್ತೀರಿ?"

"ನೋಡೋಣ," ಎಂದ ಗಡಿಬಿಡಿ. "ನೋಡೋಣ," ಎಂದ ಕುರಿ ಮಾವ. ನೋಡೋಣ, ನೋಡೋಣ ಎಂದು ಮಾತು ಒಂದು ಸುತ್ತು ಬಂತು. ಒಬ್ಬರ ಕಡ್ಡಿಯೂ ಪೊಟ್ಟಣದಿಂದ ಆಚೆ ಬರಲಿಲ್ಲ. ಮೇಷ್ಟ್ರು ತಲೆ ಕೆರೆದುಕೊಂಡರು. ಅವರ ಕಂಪ್ಯೂಟರಿನಲ್ಲಿ ಇದ್ದದ್ದು ಎರಡೇ: ಬರುತ್ತೇನೆ, ಬರುವುದಿಲ್ಲ.

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಇಲ್ಲ ಅಂತ್ಲೇ ಹಾಕ್ಕೊಳಿ ಮೇಷ್ಟ್ರೇ" ಎಂದರು. ಹಾಕಿಕೊಂಡರು. ಕಂಪ್ಯೂಟರು ಲೆಕ್ಕಿಸಿ, ಪಂಪು ಉಳಿಯುವುದಿಲ್ಲ ಎಂದು ಹೇಳಿತು. ಮೇಷ್ಟ್ರು ಕಲ್ಲುಗಳನ್ನು ಚೀಲಕ್ಕೆ ತುಂಬಿಕೊಂಡರು.

ಆದರೆ ಆ ಮನುಷ್ಯನಿಗೆ ಸಮಾಧಾನವಾಗಲಿಲ್ಲ. ಮರುದಿನ ಟ್ಯಾಂಕಿನಿಂದ ತೊಟ್ಟಿಯವರೆಗೆ ಪೈಪಿನ ಗುಂಟ ನಡೆದು, ಒಂದು ಕಡೆ ಟ್ರ್ಯಾಕ್ಟರಿನ ಟ್ಯೂಬು ಸುತ್ತಿ ಬಿಗಿದ ಜೋಡಣೆ ನೋಡಿ, "ಇದು ನಿಮ್ಮ ಕೆಲಸವಾ?" ಎಂದು ನನ್ನನ್ನು ಕೇಳಿದರು.

"ನಾನು ಹಿಂಗೆ ಕಟ್ಟಿದ್ರೆ ಅಂಗಡಿ ಮುಚ್ಕೊಂಡು ಹೋಗ್ಬೇಕಿತ್ತು. ಯಾವ ಪುಣ್ಯಾತ್ಮಂದೋ ಏನೋ!"

ಅವರು ಅಲ್ಲಿಗೆ ಬಿಡದೆ ವಿಚಾರಿಸಿಕೊಂಡು ಬಂದರು. ಹಿಂದೊಮ್ಮೆ ಅತ್ತೆ ತಮ್ಮ ಮಗಳ ಬಾಣಂತನಕ್ಕೆ ಹೋಗಿದ್ದರು, ನಾನು ತವರಿನಲ್ಲಿದ್ದೆ. ಆಗ ಪೈಪು ಒಡೆದಿತ್ತು. ಗಡಿಬಿಡಿ ತನ್ನ ಟ್ರ್ಯಾಕ್ಟರಿನ ಹಳೇ ಟ್ಯೂಬು ತಂದಿದ್ದ, ಕುರಿ ಮಾವ ಹಿಡಿದುಕೊಂಡಿದ್ದ, ಉಳಿದವರು ಸೇರಿ ಕಟ್ಟಿದ್ದರು. ಯಾಕೆ ಹೇಳಲಿಲ್ಲ ಎಂದರೆ, "ಯಾರೂ ಕೇಳ್ಲಿಲ್ಲ, ಹೇಳ್ಲಿಲ್ಲ" ಎಂದು ಕುರಿ ಮಾವ ಹಲ್ಲು ಕಿರಿದ. ಆ ಟ್ಯೂಬನ್ನು ಅತ್ತೆ ದಿನಾ ಕಂಡಿದ್ದರು. ನನ್ನ ಕೆಲಸವೆಂದುಕೊಂಡು, ಸೊಸೆಯ ಮರ್ಯಾದೆ ಉಳಿಸಲು ಸುಮ್ಮನಿದ್ದರಂತೆ!

ಮೇಷ್ಟ್ರು ಮತ್ತೆ ಎಲ್ಲರನ್ನೂ ಕರೆದು ಕೂರಿಸಿದರು. ಈ ಸಲ "ನೋಡೋಣ"ಕ್ಕೆ ಬೇರೆಯೇ ಜಾಗ ಮಾಡಿಕೊಟ್ಟಿದ್ದರು.

"ನಾನು ದಡ್ಡ, ಆ ಮಾತನ್ನ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ," ಎಂದರು. "ನೋಡೋಣ ಅಂದೋರು ನಿಜವಾಗ್ಲೂ ನೋಡ್ತಾರೆ. ಬೆಳಿಗ್ಗೆ ಎದ್ದು ತೊಟ್ಟಿ ಕಡೆ ಕಣ್ಣು ಹಾಯಿಸ್ತಾರೆ. ಅಲ್ಲಿ ತೊಟ್ಟಿಯಕ್ಕ ಕಾಣ್ತಾರೆ. ಸರಿ, ಆಗೋ ಕೆಲಸ ಆಗ್ತಿದೆ ಅಂತ ಒಳಗೆ ಹೋಗ್ತಾರೆ. ಕಾಣದೇ ಇದ್ದ ದಿನ ಟ್ಯೂಬು ತಗೊಂಡು ಓಡಿ ಬಂದಿದ್ದಾರೆ."

ಕಂಪ್ಯೂಟರಿನ ಮೇಲೆ ಎರಡು ಗೆರೆ. ನೀಲಿ ನೀರಿನದು, ಕೆಂಪು ಕೆಲಸಕ್ಕೆ ಬರುವ ಜನರದು. ಅತ್ತೆಯನ್ನು ತೆಗೆದರೆ ನೀಲಿ ಇಳಿಯುತ್ತ, ಇಳಿಯುತ್ತ ನೆಲ ಮುಟ್ಟುವ ಹತ್ತಿರಕ್ಕೆ ಬರುತ್ತದೆ. ಅಲ್ಲಿಯವರೆಗೆ ಅಡ್ಡ ಮಲಗಿದ್ದ ಕೆಂಪು ಆಮೇಲೆ ಏಳುತ್ತದೆ. ನಡುವೆ ಒಂದೇ ಒಂದು ದಿನ ಅತ್ತೆ ತೊಟ್ಟಿಯ ಬಳಿ ಕಾಣಿಸಿಕೊಂಡರೂ ಕೆಂಪು ಗೆರೆ ಮತ್ತೆ ಮಲಗಿಬಿಡುತ್ತದೆ, ಲಾರಿ ಬರುವವರೆಗೂ ಏಳುವುದಿಲ್ಲ.

ಅತ್ತೆ ಆ ಕೆಂಪು ಗೆರೆಯನ್ನು ಬಹಳ ಹೊತ್ತು ನೋಡಿದರು. "ಅಂದ್ರೆ, ಇಷ್ಟು ವರ್ಷ ನಾನೇ ಅಡ್ಡಗಾಲು ಹಾಕ್ಕೊಂಡು ಕೂತಿದ್ದೆ ಅಂತೀರಾ?"

ಮೇಷ್ಟ್ರ ಮುಖ ಸಣ್ಣಗಾಯಿತು. "ಹಂಗಲ್ಲ ತಾಯಿ. ನೀವಿಲ್ದಿದ್ರೆ ಈ ತೊಟ್ಟಿನೇ ಇರ್ತಿರಲಿಲ್ಲ. ಆದ್ರೆ... ಇನ್ಮೇಲೆ ಇರಬೇಕು ಅಂದ್ರೆ ನೀವು ಸ್ವಲ್ಪ ದಿನ ಒಳಗಿರಬೇಕಾಗುತ್ತೆ. ಈ ಗೆರೆ ತಪ್ಪೂ ಇರಬಹುದು. ಕೆಂಪು ಏಳೋದು ತಡವಾದ್ರೆ ಪ್ರಾಣಿಗಳು ಸಾಯ್ತವೆ. ಅದಕ್ಕೇ ನಾನು ಬಲವಂತ ಮಾಡಲ್ಲ." ಆಮೇಲೆ ಎಲ್ಲರ ಕಡೆ ತಿರುಗಿದರು. "ನಾಳೆಯಿಂದ ತೊಟ್ಟಿಯಕ್ಕ ಬರಲ್ಲ ಅಂದ್ರೆ ನೀವು ಬರ್ತೀರಾ?"

"ನೋಡೋಣ," ಎಂದು ಅಷ್ಟೂ ಜನ ನಕ್ಕರು. ಹಲ್ಕಾ ಜನ. ಅತ್ತೆ ನಗಲಿಲ್ಲ. ಸೆರಗು ಕೊಡವಿಕೊಂಡು ಎದ್ದು, "ನೋಡೋಣ" ಎಂದು ತಾವೂ ಹೇಳಿ ಒಳಗೆ ಹೋದರು.

ಕಥೆ ಮುಗಿಯಿತು ಎಂದುಕೊಂಡೆ. ಅತ್ತೆಯ ನೋಡೋಣದ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಮರುದಿನ ನಾನು ಎದ್ದಾಗ ಬೂಟು ಬಾಗಿಲ ಬಳಿಯೇ ಇತ್ತು. ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತು ಈರುಳ್ಳಿ ಬಿಡಿಸುತ್ತಿದ್ದರು. ಅಷ್ಟು ಈರುಳ್ಳಿ ನಮಗೆ ಬೇಕಿರಲಿಲ್ಲ.

"ಏನತ್ತೆ ಇದು?"

"ನೋಡೋಣ ಅಂದೆನಲ್ಲೇ. ನೋಡ್ತಿದೀನಿ."

ಅವತ್ತಿನಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಬೆಳಗಾದರೆ ಇಬ್ಬರ ಕಣ್ಣೂ ಕಿಟಕಿಗೆ. ಯಾರೂ ತೊಟ್ಟಿಗಿಳಿಯಲಿಲ್ಲ. ನೀರಿನ ಬಣ್ಣ ತಿರುಗುವುದು ಕಿಟಕಿಯಿಂದಲೇ ಕಾಣುತ್ತಿತ್ತು. ಕುರಿಗಳು ಮೂತಿ ಇಟ್ಟು ಸೀನಿ ಹಿಂದೆ ಸರಿಯುತ್ತಿದ್ದವು. ಸರದಿ ಕೂಗುವವರಿಲ್ಲದೆ ದನಗಳು ಮೇಕೆಗಳನ್ನು ತಳ್ಳಿ ನುಗ್ಗುತ್ತಿದ್ದವು. ಅತ್ತೆಗೆ ಅನ್ನ ಸೇರುತ್ತಿರಲಿಲ್ಲ. ಕೈ ಕೈ ಹಿಸುಕಿಕೊಳ್ಳುತ್ತ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ತಿರುಗುತ್ತಿದ್ದರು. ಒಂದು ಬೆಳಿಗ್ಗೆ ಬೂಟಿನೊಳಗೆ ಒಂದು ಕಾಲು ತೂರಿಸಿ ನಿಂತದ್ದನ್ನು ಕಂಡು, ಮುಲಾಜಿಲ್ಲದೆ ಕಿತ್ತುಕೊಂಡು ನನ್ನ ಅಂಗಡಿಯ ಅಟ್ಟದ ಮೇಲೆ ಬಚ್ಚಿಟ್ಟೆ. ಹಾಗೆ ನಾನು ಅತ್ತೆಗೆ ಜೈಲರ್ ಆದೆ. ಎಷ್ಟೋ ಸೊಸೆಯಂದಿರ ಕನಸು ಇರಬಹುದು. ನನ್ನ ಕನಸಂತೂ ಆಗಿರಲಿಲ್ಲ.

ಅಂಗಡಿಗೆ ಬಂದವರೆಲ್ಲ ಒಂದೇ ಪ್ರಶ್ನೆ. "ಅಕ್ಕಂಗೆ ಹುಷಾರಿಲ್ವಾ?"

"ಗಟ್ಟಿಮುಟ್ಟಾಗಿದಾರೆ."

"ಮತ್ತೆ ತೊಟ್ಟಿ?"

"ತೊಟ್ಟಿ ಏನು ನನ್ನ ತವರಿಂದ ತಂದಿದ್ದಾ? ನೀವು ಹೋಗಿ ತಿಕ್ಕಿ." ಅವರು ತಲೆ ಕೆರೆದುಕೊಂಡು, ಬಾಯಿಗೆ ಬಂದ ನೋಡೋಣವನ್ನು ನುಂಗಿಕೊಂಡು ಹೋಗುತ್ತಿದ್ದರು. ನನ್ನ ಮುಖ ಅಷ್ಟು ಕೆಟ್ಟದಾಗಿತ್ತು.

ಒಂದು ಮಧ್ಯಾಹ್ನ ಬಿಸಿಲಿಗೆ ನೆಲ ಕಾದು ಚಪ್ಪಲಿಯೊಳಗೂ ಕಾಲು ಸುಡುತ್ತಿತ್ತು. ಅಡುಗೆಮನೆಯಿಂದ ಅತ್ತೆ ಕೂಗಿದ ಸದ್ದಿಗೆ ಓಡಿದೆ. ತೊಟ್ಟಿ ಬತ್ತಿ ತಳ ಕಾಣುತ್ತಿತ್ತು. ಟ್ಯಾಂಕಿನ ಅಂಚಿನಿಂದ ನೀರು ತುಂಬಿ ಸುರಿದು ಕಾದ ಮಣ್ಣಿಗೆ ಇಂಗುತ್ತಿದೆ, ಕೆಳಗೆ ತೊಟ್ಟಿ ಒಣಗಿದೆ! ಏನಾಗಿದೆಯೆಂದು ಇಬ್ಬರಿಗೂ ಒಂದೇ ನೋಟಕ್ಕೆ ತಿಳಿಯಿತು. ಪಾಚಿ ಕಟ್ಟಿ ತೇಲುಗುಂಡು ಮೇಲೆಯೇ ಸಿಕ್ಕಿಕೊಂಡಿತ್ತು. ಪೈಪಿನ ಬಾಯಿ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ದೂರದಲ್ಲಿ ಧೂಳೆದ್ದಿತ್ತು. ಗಡಿಬಿಡಿಯ ಹಿಂಡು ನೀರಿನ ವಾಸನೆ ಹಿಡಿದು ಓಡಿಬರುತ್ತಿತ್ತು.

"ಒಂದು ಕೈ ಹಾಕಿ ತಟ್ಟಿದ್ರೆ ಸಾಕು ಕಣೇ," ಅತ್ತೆ ಬಾಗಿಲ ಕಡೆ ತಿರುಗಿದರು. "ಒಂದೇ ಏಟು. ಗುಂಡು ಬಿಟ್ಕೊಳುತ್ತೆ. ತಟ್ಟಿ ಓಡಿ ಬಂದ್ಬಿಡ್ತೀನಿ, ಯಾರೂ ನೋಡಲ್ಲ."

"ಎಲ್ಲಾರೂ ನೋಡ್ತಾರೆ ಅತ್ತೆ. ನೋಡೋದೇ ಅವ್ರ ಕೆಲಸ."

ಹಿಂಡು ಬಂದು ತೊಟ್ಟಿಗೆ ಬಡಿಯಿತು. ಮುಂದಿನ ದನಗಳು ಒಣ ಸಿಮೆಂಟು ನೆಕ್ಕಿದವು, ಹಿಂದಿನವು ಅವುಗಳ ಮೇಲೇರಿದವು. ಆ ಕೂಗು! ದನಗಳು ಹಾಗೆ ಕೂಗಿದ್ದನ್ನು ನಾನು ಕೇಳಿರಲಿಲ್ಲ, ಇನ್ನು ಮುಂದೆ ಕೇಳುವುದೂ ಬೇಡ. ಒಂದು ಕೆಂದು ಕರು ಕಾಲುಗಳ ನಡುವೆ ಕುಸಿದದ್ದು ಕಂಡಿತು, ಎದ್ದದ್ದು ಕಾಣಲಿಲ್ಲ. ಅತ್ತೆ ಬರಿಗಾಲಲ್ಲೇ ಹಿತ್ತಲ ಬಾಗಿಲು ತೆರೆದು ಹೊಸ್ತಿಲು ದಾಟಿದರು. ನಾನು ಹಿಂದಿನಿಂದ ಅವರ ಮುಂಗೈ ಹಿಡಿದುಕೊಂಡೆ.

"ಬಿಡೇ ಕೈ!"

"ಬಿಡಲ್ಲ."

"ಕರು ಸಾಯ್ತಿದೆ ಕಣೇ, ಪಾಪಿ! ಯಾವುದೋ ಗೆರೆ ನಂಬ್ಕೊಂಡು ಮೂಕಪ್ರಾಣಿ ಕೊಲ್ತೀಯಾ? ಬಿಡು ಅಂದೆ!"

ಬಿಡಬೇಕೆಂದೇ ಅನಿಸಿತು. ಮೇಷ್ಟ್ರು, ಕಂಪ್ಯೂಟರು, ಪಂಪು ಎಲ್ಲ ಹಾಳಾಗಿ ಹೋಗಲಿ ಎನಿಸಿತು. ನನ್ನ ಬೆರಳುಗಳು ಸಡಿಲವಾಗಿದ್ದು ನನಗೇ ಗೊತ್ತು. ಆದರೆ ಅಷ್ಟರಲ್ಲಿ ಅತ್ತೆಯೇ ಎಳೆದಾಡುವುದನ್ನು ನಿಲ್ಲಿಸಿದರು. ಅವರು ತೊಟ್ಟಿಯ ಕಡೆ ನೋಡುತ್ತಿರಲಿಲ್ಲ. ಅದರಾಚೆ ದಿಬ್ಬದ ಮೇಲೆ ನಿಂತ ಗಂಡಸರನ್ನು ನೋಡುತ್ತಿದ್ದರು. ಗಡಿಬಿಡಿ, ಕುರಿ ಮಾವ, ಇನ್ನೂ ನಾಲ್ಕಾರು ಜನ. ಕೈಯಲ್ಲಿ ಕೋಲು ಹಿಡಿದು ನಿಂತ ಅವರಲ್ಲಿ ಒಬ್ಬನ ಮುಖವೂ ತೊಟ್ಟಿಯ ಕಡೆ ಇರಲಿಲ್ಲ. ತಮ್ಮ ದನ ತಮ್ಮ ಕಣ್ಣೆದುರು ಒಂದನ್ನೊಂದು ತುಳಿಯುತ್ತಿರುವಾಗ, ಅಷ್ಟೂ ಜನ ನಮ್ಮ ಬಾಗಿಲನ್ನು ನೋಡುತ್ತಿದ್ದರು. ಅತ್ತೆ ಹೊಸ್ತಿಲು ದಾಟಿದ್ದು ಕಂಡು ಅವರ ಹೆಗಲು ಇಳಿದದ್ದು, ಅಬ್ಬ, ಬಂದಳು ಎಂದು ನಿರಾಳವಾದದ್ದು, ಅಷ್ಟು ದೂರದಿಂದಲೂ ಕಾಣುತ್ತಿತ್ತು.

ಅತ್ತೆ ನಿಧಾನವಾಗಿ ಹೊಸ್ತಿಲ ಒಳಗೆ ಕಾಲಿಟ್ಟರು. ತಾವೇ ಬಾಗಿಲು ಎಳೆದರು. ತಾವೇ ಚಿಲಕ ಹಾಕಿದರು. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕುಸಿದು ಕೂತು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಅಳತೊಡಗಿದರು. ಮಾವ ಹೋದ ದಿನವೂ ಅವರು ಹಾಗೆ ಅತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಅವರ ಭುಜ ಹಿಡಿದುಕೊಂಡೆ. ನನಗೂ ಅಳು ಬಂತು, ಯಾಕೆ ಸುಳ್ಳು ಹೇಳಲಿ? ಹೊರಗೆ ಕೂಗು ಏರುತ್ತಲೇ ಇತ್ತು. ಕಿಟಕಿಯ ಬಳಿ ಹೋಗುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಎಷ್ಟು ಹೊತ್ತು ಕೂತಿದ್ದೆವೋ ಗೊತ್ತಿಲ್ಲ. ಯಾರೋ ಕಿರುಚಿದರು. ಯಾರೋ ಯಾರನ್ನೋ ಬೈದರು. ಆಮೇಲೆ ಕಬ್ಬಿಣಕ್ಕೆ ಕಲ್ಲಿನಿಂದ ಬಡಿದ ಸದ್ದು, ಅದರ ಹಿಂದೆಯೇ ಸಿಮೆಂಟಿಗೆ ನೀರು ಧುಮುಕಿದ ಸದ್ದು. "ಹಿಂದಕ್ಕೆ! ಏ, ಹಿಂದಕ್ಕೆ ಹೊಡಿಯೋ ನಿನ್ನ ದನಾನ! ಕುರಿ ಬಿಡೋ ಮೊದ್ಲು!" ಅದು ನನ್ನ ಅತ್ತೆಯ ಮಾತು, ಆದರೆ ಕುರಿ ಮಾವನ ಗಂಟಲು. ಅತ್ತೆ ಕಿವಿಯಿಂದ ಕೈ ತೆಗೆದರು. ಕೂಗು ಒಂದೊಂದಾಗಿ ತಗ್ಗಿ, ದನಗಳು ನೀರು ಹೀರುವ ಸದ್ದು ಕೇಳಿಸಿತು. ಇನ್ನೂ ಸ್ವಲ್ಪ ಹೊತ್ತಿಗೆ ಏನೋ ಕೆರೆಯುವ ಸದ್ದು.

ಅತ್ತೆ ಮೂಗೊರೆಸಿಕೊಂಡು ಕಿವಿಗೊಟ್ಟರು. "ಯಾರವನು? ಸಲಿಕೇಲಿ ಪಾಚಿ ಕೆರೀತಿದಾನೆ. ಸಿಮೆಂಟೆಲ್ಲಾ ಕಿತ್ತು ಬರುತ್ತೆ, ಮುಂಡೇದು." ಹಾಗೆಂದರೂ ಎದ್ದು ಹೋಗಲಿಲ್ಲ.

ಕತ್ತಲಾಗುವ ಮುಂಚೆ ಗಡಿಬಿಡಿ ಹಿತ್ತಲ ಬಾಗಿಲು ಬಡಿದ. ನಾನು ತೆಗೆದೆ. ಮೊಣಕಾಲವರೆಗೆ ಹಸಿರು ಪಾಚಿ, ಅಂಗೈ ಸುಲಿದು ರಕ್ತ. ನನ್ನನ್ನು ನೋಡಲೂ ಇಲ್ಲ.

"ಕರು ಹೋಯ್ತು ಅಕ್ಕ," ಎಂದ. "ನೀನು ಹೊರಗೆ ಬಂದೆ. ನಾನು ಕಣ್ಣಾರೆ ನೋಡ್ದೆ. ಮನೇಲೇ ಇದ್ಯಲ್ಲ ಅಕ್ಕ, ಬಾಗಿಲು ಹಾಕ್ಕೊಂಡ್ಬಿಟ್ಟೆಯಲ್ಲ! ಹೆಂಗೆ ಮನಸ್ಸು ಬಂತು?"

ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅತ್ತೆ ಕೈಯೆತ್ತಿ ನನ್ನನ್ನು ತಡೆದರು. ಬೆಳಗಿನಿಂದ ನೀರೂ ಮುಟ್ಟದ ಬಾಯಿ, ಮಾತು ಮೆಲ್ಲಗೆ ಬಂತು.

"ನೀನೂ ಅಲ್ಲೇ ಇದ್ಯಲ್ಲೋ."

ಅವನು ಸುಲಿದ ಅಂಗೈಯನ್ನು ಅಂಗಿಗೆ ಒರೆಸಿಕೊಂಡ. ನೆಲ ನೋಡುತ್ತ, "ಆ ಉದ್ದ ಬ್ರಷ್ಷು ಇದ್ರೆ ಕೊಡು. ಸಲಿಕೇಲಿ ಸರಿ ಹೋಗ್ತಿಲ್ಲ" ಎಂದ. ಅತ್ತೆ ಒಳಗೆ ಹೋಗಿ ತಂದುಕೊಟ್ಟರು. ಕೊಡುವಾಗ ಹಿಡಿಯನ್ನು ಬಿಡಲು ಅವರ ಬೆರಳುಗಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಕಚೇರಿಯ ಲಾರಿ ಹೇಳಿದ ಹಾಗೆ ನಡುಬೇಸಿಗೆಯಲ್ಲಿ ಬಂತು. ಬಂದವರಿಗೆ ತೊಟ್ಟಿಯೊಳಗೆ ಕುರಿ ಮಾವ ಕಂಡ, ಟ್ಯಾಂಕಿನ ಮೇಲೆ ಇನ್ನೊಬ್ಬ ಕಂಡ. ದಂಡೆಯ ಮೇಲೆ ಸರದಿ ಯಾರದೆಂದು ಇಬ್ಬರು ಕಿತ್ತಾಡುತ್ತಿದ್ದರು. ಅಧಿಕಾರಿ ಅದನ್ನೆಲ್ಲ ನೋಡಿ, ಲಾರಿಯನ್ನು ಖಾಲಿಯಾಗಿಯೇ ವಾಪಸ್ ಕಳಿಸಿದರು. ಪಂಪು ಉಳಿಯಿತು. ಕಲ್ಲಾಟದ ಮೇಷ್ಟ್ರು ಬಂದು ಅತ್ತೆಯ ಮುಂದೆ ಕೂತು, ಆ ಕರುವಿನ ವಿಷಯ ಎತ್ತಿ, "ಗೆರೆ ಇಷ್ಟು ಕೆಳಗೆ ಹೋಗುತ್ತೆ ಅಂತ ನಂಗೆ ಗೊತ್ತಿತ್ತು. ಕೂಗು ಗೊತ್ತಿರಲಿಲ್ಲ" ಎಂದರು. ಊಟ ಮಾಡಿ ಎಂದರೆ ಮಾಡದೆ ಹೋದರು.

ಎಲ್ಲ ಒಳ್ಳೆಯದಾಯಿತು, ಅಲ್ಲವೇ? ಆದರೆ ನಮ್ಮ ಅತ್ತೆ ಮಂಕಾದರು. ಬೂಟನ್ನು ಅಟ್ಟದಿಂದ ಇಳಿಸಿ ಬಾಗಿಲ ಬಳಿ ಇಟ್ಟೆ, ಅದನ್ನು ಮುಟ್ಟಲಿಲ್ಲ. ಬೆಳಿಗ್ಗೆ ಎಚ್ಚರವಾದರೂ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದರು. ಬೈದು ನೋಡಿದೆ, ತಿರುಗಿ ಬೈಯಲಿಲ್ಲ. ನನಗೆ ಅದೇ ಹೆಚ್ಚು ಹೆದರಿಕೆ.

ಒಂದು ಸಂಜೆ ಗಡಿಬಿಡಿ ವಾಷರು ಕೊಳ್ಳಲು ಅಂಗಡಿಗೆ ಬಂದವನು ಒಳಗೆ ಇಣುಕಿ, "ಅಕ್ಕ, ನಾಳೆ ನಿನ್ನ ಸರದಿ. ಬರ್ತೀಯಲ್ಲ?" ಎಂದ.

"ನಂಗೂ ಸರದಿಯಾ?" ಎಂದರು ಅತ್ತೆ. ಆ ಮಾತಿನಲ್ಲಿದ್ದ ನೋವು ಅವನಿಗೆ ತಾಗಲಿಲ್ಲ, ನನಗೆ ತಾಗಿತು. ಸ್ವಲ್ಪ ತಡೆದು, "ನೋಡೋಣ" ಎಂದರು. ಅವನು ಒಂದು ಕ್ಷಣ ಅವರ ಮುಖ ನೋಡಿ, ವಾಷರು ಜೇಬಿಗಿಳಿಸಿ ಹೋದ.

ಬೆಳಗಾಗುವ ಹೊತ್ತಿಗೆ ನಾನು ಒಲೆಯ ಮುಂದಿದ್ದೆ. ಅತ್ತೆ ಎದ್ದು ಬಂದು ಕಿಟಕಿಯ ಬಳಿ ನಿಂತರು. ತೊಟ್ಟಿಯೊಳಗೆ ಗಡಿಬಿಡಿ ಇದ್ದ. ಅಂಗಿಯ ಒಂದು ಪಕ್ಕ ಉದ್ದ, ಒಂದು ಪಕ್ಕ ಗಿಡ್ಡ, ಬಗ್ಗಿ ತಿಕ್ಕುತ್ತಿದ್ದ. ಅತ್ತೆಯ ನೋಡೋಣವನ್ನು ಅವನು ಇಲ್ಲ ಎಂದುಕೊಂಡು, ಅವರ ಬದಲಿಗೆ ತಾನೇ ಬಂದಿದ್ದ.

ಅತ್ತೆ ನೋಡಿದರು. ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ನೆಮ್ಮದಿ ಬಂತು. "ಅವ್ನು ಮಾಡ್ತಿದಾನೆ ಬಿಡು," ಎಂದು ಹಾಸಿಗೆಯ ಕಡೆ ತಿರುಗಿದರು.

ನಾನು ಮದುವೆಯಾಗಿ ಬಂದ ಮೇಲೆ ಮೊದಲನೇ ಸಲ, ಬಾಯಿಗೆ ಬೀಗ ಹಾಕಿಕೊಂಡು ಅವರ ಬೆನ್ನನ್ನೇ ನೋಡುತ್ತ ನಿಂತೆ. ಎರಡು ಹೆಜ್ಜೆ ಹೋದವರು ನಿಂತರು. ಅಲ್ಲೇ ನಿಂತರು. ಆಮೇಲೆ ನನ್ನ ಕಡೆ ತಿರುಗಿದಾಗ ಅವರ ಕಣ್ಣು ಅಗಲವಾಗಿತ್ತು.

"ಅಯ್ಯೋ, ನಾನೂ ನೋಡ್ಬಿಟ್ಟೆ ಕಣೇ!"

ಮುಂದಿನದೆಲ್ಲ ಒಂದೇ ಉಸಿರಿನಲ್ಲಿ ಆಯಿತು. ಚಿಲಕ ಕಿತ್ತು ಬರುವ ಹಾಗೆ ಬಾಗಿಲು ತೆರೆದು, ಒಂದು ಬೂಟು ಕಾಲಿಗೆ ಏರಿಸಿ, ಇನ್ನೊಂದನ್ನು ಮರೆತು, ನೈಟಿಯ ಮೇಲೆ ಟವಲು ಎಳೆದುಕೊಂಡು ನಮ್ಮ ಅತ್ತೆ ಬಯಲಿನಲ್ಲಿ ಓಡಿದರು.

"ಏ! ಹತ್ತಿ ಬಾರೋ ಆಚೆಗೆ! ಇವತ್ತು ನನ್ನ ಸರದಿ ಕಣೋ! ಬ್ರಷ್ಷು ಕೊಡು ಇಲ್ಲಿ!"

ಅವರು ತೊಟ್ಟಿ ತಲುಪುವಷ್ಟರಲ್ಲಿ ನಾನು ಉಳಿದ ಬೂಟು ಹಿಡಿದುಕೊಂಡು ಅವರ ಹಿಂದೆ ಓಡುತ್ತಿದ್ದೆ.